ಕೈ ಎತ್ತುವ ಮುನ್ನ: ಆರ್ಕೆಸ್ಟ್ರಾ ಮುಂದೆ ನಿಲ್ಲುವ ಕಂಡಕ್ಟರ್ ತಯಾರಾಗುವ ಬಗೆ

ತಾಳ ಹಾಕಿಕೊಂಡೇ ಬೆಳೆದ ಕೈ ನಮ್ಮದು. ಕಛೇರಿಯಲ್ಲಿ ಕೂತರೆ ಅಂಗೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ, ಬೆರಳು ಎಣಿಸತೊಡಗುತ್ತದೆ. ಆ ಕೈಯನ್ನೇ ನೆಚ್ಚಿಕೊಂಡು ನಾನು ಮೊದಲ ಸಲ ಹದಿನಾಲ್ಕು ಮಂದಿ ಪಿಟೀಲು, ಚೆಲ್ಲೊ ವಿದ್ಯಾರ್ಥಿಗಳ ಮುಂದೆ ನಿಂತೆ. ಕೈ ಕೆಳಗೆ ಬಂತು. ಹದಿನಾಲ್ಕು ಕಮಾನುಗಳು ಒಂದೊಂದು ಒಂದೊಂದು ಗಳಿಗೆಗೆ ತಂತಿ ಮುಟ್ಟಿದವು. ಇನ್ನೊಂದು ಸಲ ಮಾಡಿದೆ, ಮತ್ತೆ ಅದೇ ಆಯಿತು. ಹಿಂದೆ ಕೂತಿದ್ದ ಹಿರಿಯ ಶಿಕ್ಷಕರೊಬ್ಬರು ಎದ್ದು ಬಂದು, "ನೀವು ತಾಳ ಹಾಕ್ತಾ ಇದ್ದೀರಿ. ಅವರಿಗೆ ಬೇಕಾಗಿರೋದು ಉಸಿರು" ಅಂದರು.

ಆ ಮಾತು ನನಗೆ ಪೂರ್ತಿ ಅರ್ಥವಾಗಲು ವರ್ಷಗಳೇ ಹಿಡಿದವು. ತಾಳದ ಕೈ ನಡೆಯುತ್ತಿರುವ ಸಂಗೀತದ ಜೊತೆಗೇ ನಡೆಯುತ್ತದೆ. ಕಂಡಕ್ಟರ್ ಕೈ ಇನ್ನೂ ಹುಟ್ಟದ ಸ್ವರದ ಸುದ್ದಿಯನ್ನು ಒಂದು ತಾಳ ಮುಂಚೆ ಮುಟ್ಟಿಸಬೇಕು: ಎಷ್ಟು ವೇಗ, ಎಷ್ಟು ಜೋರು, ಚೂಪೋ ಮೃದುವೋ. ಹಾಗೆ ಮುಟ್ಟಿಸಬೇಕಾದರೆ ಆ ಸ್ವರ ಕಂಡಕ್ಟರ್ ಕಿವಿಯೊಳಗೆ ಆಗಲೇ ಮೊಳಗಿರಬೇಕು. ತಯಾರಿ ಎಂದು ಮುಂದೆ ನಾನು ಹೇಳುವುದೆಲ್ಲ ಅದಕ್ಕಾಗಿಯೇ.

ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ, ಕಂಡಕ್ಟರ್ ಎಂದರೆ ಬಸ್ಸಿನವರು. ಇಲ್ಲಿ ನಾನು ಹೇಳುತ್ತಿರುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದ ಮತ್ತು ಅದರ ಎದುರು ಬರಿಗೈಯಲ್ಲೋ ಸಣ್ಣ ಕೋಲು ಹಿಡಿದೋ ನಿಲ್ಲುವವರ ಬಗ್ಗೆ. ಇದು ನಮಗೆ ತೀರಾ ಹೊರಗಿನದೇನಲ್ಲ. ದಸರಾ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡಿನ ಮುಂದೆ ಬ್ಯಾಂಡ್‌ಮಾಸ್ಟರ್ ಕೈ ಎತ್ತುವುದನ್ನು ನೋಡಿದವರಿದ್ದೀರಿ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ 1945ರಲ್ಲಿ ಹುಟ್ಟಿದಾಗ ಅದರ ಎಳೆಯ ವರ್ಷಗಳಲ್ಲಿ ಹಣ ಕೊಟ್ಟು ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಇವತ್ತು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ ಶಾಲೆಯ ಬ್ಯಾಂಡು, ಚರ್ಚಿನ ಗಾಯಕವೃಂದ, ವಯಲಿನ್ ತಂಡಗಳ ಮುಂದೆ ನಿಲ್ಲಬೇಕಾಗಿ ಬಂದ ಎಷ್ಟೋ ಯುವಕ ಯುವತಿಯರಿದ್ದಾರೆ. ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ.

ಎಲ್ಲ ಕೃತಿಗಳಿಗೂ ಸಲ್ಲುವ ಸಾಮಾನ್ಯ ಮಾತು ಆಡುವುದಕ್ಕಿಂತ ಒಂದೇ ಕೃತಿ ಹಿಡಿದು ಹೇಳುತ್ತೇನೆ. ಬೀಥೋವನ್‌ನ ಐದನೆಯ ಸಿಂಫನಿ, ಸಿ ಮೈನರ್. ಸಿಂಫನಿ ಎಂದರೆ ವಾದ್ಯವೃಂದಕ್ಕಾಗಿ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಅದರ ಮೊದಲ ನಾಲ್ಕು ಸ್ವರ ಕೇಳದವರು ಕಡಿಮೆ. ಆ ನಾಲ್ಕು ಸ್ವರ ಒಟ್ಟಿಗೆ ಬರುವಂತೆ ಕೈ ಎತ್ತುವುದು ಮಾತ್ರ ಅನುಭವಸ್ಥರಿಗೂ ಪರೀಕ್ಷೆಯೇ.

ಯಾವ ಸ್ಕೋರ್, ಯಾವ ಪಾರ್ಟ್

ಎಲ್ಲ ವಾದ್ಯಗಳ ಸಾಲುಗಳೂ ಒಂದರ ಕೆಳಗೊಂದು ಇರುವ ಪುಸ್ತಕ ಸ್ಕೋರ್. ಒಬ್ಬೊಬ್ಬ ವಾದಕರ ಸ್ಟ್ಯಾಂಡಿನ ಮೇಲಿರುವ, ಅವರವರ ಸಾಲು ಮಾತ್ರ ಇರುವ ಹಾಳೆ ಪಾರ್ಟ್. ಎರಡೂ ಒಂದೇ ಆವೃತ್ತಿಯವಾಗಿರಬೇಕು. ಹಳೆಯ ಮುದ್ರಣಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಜೊನಾಥನ್ ಡೆಲ್ ಮಾರ್ ಸಂಪಾದಿಸಿ ಬೇರೆನ್‌ರೈಟರ್ ಹೊರತಂದ ಹೊಸ ಆವೃತ್ತಿಗೆ ದುಡ್ಡು ಕೊಡಬೇಕು. ಯಾವುದನ್ನಾದರೂ ಬಳಸಿ, ಆದರೆ ಬೆರೆಸಬೇಡಿ. ಜಾಗ ಗುರುತಿಸಲು ಅಲ್ಲಲ್ಲಿ ಎ, ಬಿ, ಸಿ ಎಂದು ಅಕ್ಷರಗಳು ಅಚ್ಚಾಗಿರುತ್ತವೆ. ನಿಮ್ಮ ಪುಟದಲ್ಲಿ "ಬಿ" ಅಕ್ಷರ ಇರುವ ಜಾಗ ಒಂದು, ಚೆಲ್ಲೊದವರ ಹಾಳೆಯಲ್ಲಿ ಇರುವ ಜಾಗ ಇನ್ನೊಂದು ಎಂದಾದರೆ ರಿಹರ್ಸಲ್ಲಿನ ಅರ್ಧ ಗಂಟೆ ಹುಡುಕುವುದರಲ್ಲೇ ಹೋಗುತ್ತದೆ.

ಅಚ್ಚಾದದ್ದೆಲ್ಲ ಸರಿಯಿರುತ್ತದೆ ಎಂದೂ ತಿಳಿಯಬೇಡಿ. ಈ ಸಿಂಫನಿಯ ಮೊದಲ ಮುದ್ರಣದಲ್ಲಿ ಮೂರನೆಯ ಭಾಗದೊಳಗೆ ಎರಡು ಬಾರ್ (ಪುಟದಲ್ಲಿ ನಿಂತ ಗೆರೆಗಳ ನಡುವಿನ, ತಾಳದ ಅಳತೆಯ ಒಂದೊಂದು ತುಂಡು) ಹೆಚ್ಚಾಗಿ ಉಳಿದುಬಿಟ್ಟಿದ್ದವು. ಅವನ್ನು ತೆಗೆಯಿರಿ ಎಂದು ಬೀಥೋವನ್ 1810ರ ಆಗಸ್ಟ್‌ನಲ್ಲಿ ಪ್ರಕಾಶಕರಿಗೆ ಪತ್ರ ಬರೆದ. ಅವನು 1827ರಲ್ಲಿ ತೀರಿಕೊಳ್ಳುವ ಹೊತ್ತಿಗೂ ಆ ತಪ್ಪು ಹಾಗೇ ಇತ್ತು.

ಎಲ್ಲಿ ಪುನರಾವರ್ತನೆ ಮಾಡುತ್ತೀರಿ ಎಂಬುದನ್ನೂ ಈಗಲೇ ನಿರ್ಧರಿಸಿ. ಮೊದಲ ಭಾಗದ ಆರಂಭದ ಖಂಡಕ್ಕೆ ಪುನರಾವರ್ತನೆಯ ಗುರುತಿದೆ, ಕೊನೆಯ ಭಾಗದ ಮೊದಲ ಖಂಡಕ್ಕೂ ಇದೆ. ನನ್ನ ಮಟ್ಟಿಗೆ ಎರಡನ್ನೂ ಮಾಡಬೇಕು.

ಓದು: ತಿಂಗಳುಗಟ್ಟಲೆ, ಸದ್ದಿಲ್ಲದೆ

ಕಾರ್ಯಕ್ರಮಕ್ಕೆ ಮೂರು ತಿಂಗಳ ಮುಂಚೆ ಸ್ಕೋರ್ ತೆರೆಯಿರಿ. ಮೊದಲ ಕೆಲವು ವಾರ ಯಾವ ರೆಕಾರ್ಡಿಂಗನ್ನೂ ಕೇಳಬೇಡಿ. ಕೇಳಿದರೆ ಇನ್ನೊಬ್ಬರ ಕಿವಿಯಿಂದ ಓದುತ್ತೀರಿ. ಈ ಸಿಂಫನಿ ಹೇಗೂ ನಿಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಇನ್ನಷ್ಟು ಎಚ್ಚರ ಬೇಕು. ನೆನಪಿನಲ್ಲಿರುವುದು ಪುಟದಲ್ಲಿ ನಿಜವಾಗಿ ಇದೆಯೇ ಎಂದು ಒಂದೊಂದೇ ಸಾಲು ನೋಡಿ.

ಮೊದಲು ಹೊರಗಿನ ಅಂದಾಜು. ನಾಲ್ಕು ಭಾಗ, ಪುನರಾವರ್ತನೆ ಸೇರಿ ಮೂವತ್ತೈದು ನಿಮಿಷದ ಆಸುಪಾಸು. ಎರಡೆರಡು ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್, ಟಿಂಪನಿ, ತಂತಿವಾದ್ಯಗಳು. ಕೊನೆಯ ಭಾಗಕ್ಕೆ ಮಾತ್ರ ಒಂದು ಪಿಕೊಲೊ, ಒಂದು ಕಾಂಟ್ರಾಬಸೂನ್, ಮೂರು ಟ್ರೊಂಬೋನ್ ಬಂದು ಸೇರುತ್ತವೆ. ಈ ಐವರನ್ನು ನೆನಪಿಡಿ, ಅವರ ವಿಷಯ ಮತ್ತೆ ಬರುತ್ತದೆ.

ಆಮೇಲೆ ಬಾರ್‌ಗಳನ್ನು ಗುಂಪು ಮಾಡಿ. ಮೊದಲ ಭಾಗದಲ್ಲಿ ಒಟ್ಟು 502 ಬಾರ್. ಅದು ಸುಮಾರು 125 ಬಾರ್‌ಗಳ ನಾಲ್ಕು ಅಂಕಣಗಳ ಮನೆ: ವಿಷಯ ಹೂಡುವುದು, ಬೆಳೆಸುವುದು, ಮರಳಿ ತರುವುದು, ಮುಗಿಸುವುದು. ಒಳಗೆ ಹೊಕ್ಕರೆ ಬಾರ್‌ಗಳು ಬಹುಪಾಲು ನಾಲ್ಕು ನಾಲ್ಕಾಗಿ ನಡೆಯುತ್ತವೆ, ನಮ್ಮ ಆವರ್ತದ ಹಾಗೆ. ಎಲ್ಲಿ ಆ ನಾಲ್ಕು ಮುರಿಯುತ್ತದೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ವಾದಕರು ಎಣಿಕೆ ತಪ್ಪುವುದು ಅಲ್ಲೇ. ಮುಂಬಯಿಯಿಂದ ಹೋಗಿ ಜಗತ್ತಿನ ದೊಡ್ಡ ಆರ್ಕೆಸ್ಟ್ರಾಗಳನ್ನು ನಡೆಸಿದ ಜುಬಿನ್ ಮೆಹ್ತಾ ವಿಯೆನ್ನಾದಲ್ಲಿ ಕಲಿತದ್ದು ಹಾನ್ಸ್ ಸ್ವರೋವ್ಸ್ಕಿ ಬಳಿ. ಹೀಗೆ ಬಾರ್‌ಗಳನ್ನು ಗುಂಪುಗೂಡಿಸಿ ಓದುವುದಕ್ಕೆ ಸ್ವರೋವ್ಸ್ಕಿಯ ಪಾಠದಲ್ಲಿ ದೊಡ್ಡ ಜಾಗವಿತ್ತು.

ಮೂರನೆಯದು ಹಾಡುವುದು. ಪ್ರತಿ ಸಾಲನ್ನೂ ಬಾಯಲ್ಲಿ ಹಾಡಿ. ದನಿ ಚೆನ್ನಾಗಿರಬೇಕಿಲ್ಲ. ವಯೋಲಾ ಸಾಲು, ಎರಡನೆಯ ಬಸೂನ್ ಸಾಲು, ಯಾರೂ ಗಮನಿಸದ ಎರಡನೆಯ ಪಿಟೀಲಿನ ಸಾಲು. ಕ್ಲಾರಿನೆಟ್ಟಿಗೆ ಬಂದಾಗ ತಡೆದು ನಿಲ್ಲಿ. ಮೊದಲ ಭಾಗದಲ್ಲಿ ಅದು ಬಿ ಫ್ಲಾಟ್ ಕ್ಲಾರಿನೆಟ್. ಅವರ ಹಾಳೆಯಲ್ಲಿ ಸಿ ಎಂದು ಬರೆದಿದ್ದರೆ ಕೇಳುವುದು ಬಿ ಫ್ಲಾಟ್, ಅಂದರೆ ಬರೆದದ್ದು ಷಡ್ಜ, ನುಡಿಯುವುದು ಅದರ ಕೆಳಗಿನ ಕೈಶಿಕಿ ನಿಷಾದ. ಹಾರ್ನ್ ಇ ಫ್ಲಾಟ್‌ನಲ್ಲಿದೆ, ಅದರ ಲೆಕ್ಕವೇ ಬೇರೆ. ಪುಟ ನೋಡಿದ ಕೂಡಲೇ ನಿಜವಾದ ಸ್ವರ ಕಿವಿಗೆ ಬರುವ ತನಕ ಈ ಅಭ್ಯಾಸ ಬಿಡಬೇಡಿ. ಬಿಟ್ಟರೆ ರಿಹರ್ಸಲ್ಲಿನಲ್ಲಿ ಯಾರೋ ತಪ್ಪು ಸ್ವರ ನುಡಿಸಿದಾಗ ಎಲ್ಲಿ ತಪ್ಪಿತು ಎಂದು ನಿಮಗೆ ತಿಳಿಯುವುದಿಲ್ಲ.

ಈಗ ಆ ಮೊದಲ ನಾಲ್ಕು ಸ್ವರ. ತಂತಿವಾದ್ಯಗಳ ಜೊತೆ ಕ್ಲಾರಿನೆಟ್ ಮಾತ್ರ ನುಡಿಸುತ್ತವೆ, ಉಳಿದವರೆಲ್ಲ ಸುಮ್ಮನಿರುತ್ತಾರೆ. ಬಾರ್ ಶುರುವಾಗುವುದು ಮೌನದಿಂದ. ಒಂದು ಬಾರ್‌ಗೆ ನಾಲ್ಕು ಅಕ್ಷರ ಇಟ್ಟುಕೊಂಡು ತಕದಿಮಿ ಅನ್ನಿ. ಆ ತಕದಿಮಿಯ ಮೊದಲ "ತ" ನುಂಗಿಬಿಡಿ. ಉಳಿದದ್ದು "ಕದಿಮಿ", ಮುಂದಿನ ಬಾರ್‌ಗೆ "ತಾಂ". ಕದಿಮಿ ತಾಂ. ಅನಾಗತ ಎಡುಪು, ಅಂದರೆ ತಾಳ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವುದನ್ನು ಕಲಿತವರಿಗೆ ಇದು ಅಂಗೈ ನೆಲ್ಲಿ. ಆ ನುಂಗಿದ "ತ" ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಾಣದಿದ್ದರೆ ಮೂರು ಸ್ವರಗಳು ಸಡಿಲವಾಗಿ "ತಕಿಟ ತಾಂ" ಆಗುತ್ತವೆ. ಎಷ್ಟೋ ಹವ್ಯಾಸಿ ತಂಡಗಳಲ್ಲಿ ನಾನು ಕೇಳಿದ್ದು ತಕಿಟವನ್ನೇ. ಬೀಥೋವನ್ ಬರೆದದ್ದು ಮೂರು ಸ್ವರ ಮತ್ತು ಅವುಗಳ ಮುಂದೆ ನಿಂತ ಒಂದು ಮೌನ. ಆ ಮೌನವೇ ಸ್ವರಗಳನ್ನು ತಳ್ಳುತ್ತದೆ.

"ತಾಂ" ಮೇಲೆ ಫರ್ಮಾಟಾ, ಅಂದರೆ ಕಂಡಕ್ಟರ್ ಬಿಡು ಎನ್ನುವ ತನಕ ಹಿಡಿದಿಡಬೇಕಾದ ಗುರುತು. ಎರಡನೆಯ ಸಲ ಬರುವ "ತಾಂ" ಒಂದು ಬಾರ್ ಹೆಚ್ಚು ಉದ್ದ. ಇಷ್ಟು ಸಣ್ಣ ವ್ಯತ್ಯಾಸವನ್ನು ಅವನು ಬರೆದು ತೋರಿಸಿದ್ದಾನೆ, ನಾವೂ ಕೇಳಿಸಬೇಕು. 21ನೆಯ ಬಾರಿನಲ್ಲಿ ಇನ್ನೊಂದು ಫರ್ಮಾಟಾ ಇದೆ. ಅಲ್ಲಿ ಎಲ್ಲರೂ ಬಿಟ್ಟ ಮೇಲೂ ಮೊದಲ ಪಿಟೀಲಿನವರು ಮಾತ್ರ ಜಿ ಸ್ವರ ಹಿಡಿದು ನಿಲ್ಲುತ್ತಾರೆ. ಬಾಗಿಲು ಅರ್ಧ ತೆರೆದು ಯಾರೋ ಹೊಸ್ತಿಲಲ್ಲಿ ನಿಂತ ಹಾಗೆ. ಅದನ್ನು ಎಷ್ಟು ಹೊತ್ತು ಹಿಡಿಸುತ್ತೀರಿ ಎಂದು ಮನೆಯಲ್ಲೇ ಹಾಡಿ ನೋಡಿ ಗೊತ್ತುಮಾಡಿಕೊಳ್ಳಿ.

ನಾಲ್ಕನೆಯದು ವೇಗ. ನಿಮಿಷಕ್ಕೆ ಇಷ್ಟು ಎಂದು ತಾಳ ಬಡಿದು ತೋರಿಸುವ ಯಂತ್ರ ಮೆಟ್ರೊನೋಮ್ ಬಂದ ಮೇಲೆ 1817ರಲ್ಲಿ ಬೀಥೋವನ್ ತನ್ನ ಸಿಂಫನಿಗಳ ವೇಗವನ್ನು ಸಂಖ್ಯೆಯಲ್ಲಿ ಕೊಟ್ಟ. ಮೊದಲ ಭಾಗಕ್ಕೆ ನಿಮಿಷಕ್ಕೆ 108 ಬಾರ್. ಒಂದು ಬಾರ್‌ಗೆ ಅರ್ಧ ಸೆಕೆಂಡಿಗಿಂತ ಚೂರೇ ಹೆಚ್ಚು. ಇದು ವಿಪರೀತ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ತಂಡಕ್ಕೆ 108 ಎಟುಕದಿದ್ದರೆ 100ಕ್ಕೆ ಇಳಿಸಿ, ಆದರೆ ಕೈ ಮಾತ್ರ ಬಾರ್‌ಗೆ ಒಂದೇ ಸಲ ಬೀಳಲಿ. ಎರಡು ಸಲ ಬಿದ್ದರೆ ಸಂಗೀತ ಕುಂಟುತ್ತದೆ.

ಐದನೆಯದಾಗಿ ತಿರುವುಗಳು. ಇಡೀ ಸಿಂಫನಿಯಲ್ಲಿ ನಾನು ಅತಿ ಹೆಚ್ಚು ದಿನ ಕಳೆದದ್ದು ಮೂರನೆಯ ಭಾಗದಿಂದ ನಾಲ್ಕನೆಯದಕ್ಕೆ ದಾಟುವ ಸುಮಾರು ಐವತ್ತು ಬಾರ್‌ಗಳಲ್ಲಿ. ಎರಡರ ನಡುವೆ ಬಿಡುವಿಲ್ಲ. ತಂತಿವಾದ್ಯಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ ಸ್ವರ ಹಿಡಿದಿರುತ್ತವೆ. ಟಿಂಪನಿ ಒಂಟಿಯಾಗಿ, ಮೆತ್ತಗೆ, ಎದೆ ಬಡಿತದ ಹಾಗೆ ತಟ್ಟುತ್ತಿರುತ್ತದೆ. ಪಿಟೀಲು ಕತ್ತಲಲ್ಲಿ ಗೋಡೆ ತಡವುವವರಂತೆ ಮೇಲೇರುತ್ತ ಹೋಗುತ್ತದೆ. ನಿಮಿಷಕ್ಕೆ 96 ಬಾರ್ ವೇಗದಲ್ಲಿ ಇದೆಲ್ಲ ಸುಮಾರು ಅರ್ಧ ನಿಮಿಷ. ದನಿ ಏರಬೇಕೆಂಬ ಗುರುತು ಇರುವುದು ಕಟ್ಟಕಡೆಯ ಕೆಲವು ಬಾರ್‌ಗಳಲ್ಲಿ ಮಾತ್ರ. ಅರುವತ್ತು ಎಪ್ಪತ್ತು ಮಂದಿಗೂ ಮುಂದೇನು ಬರುತ್ತದೆ ಎಂದು ಗೊತ್ತಿರುವುದರಿಂದ ಎಲ್ಲರಿಗೂ ಮುಂಚೆಯೇ ಏರುವ ಆಸೆ. ಅವರನ್ನು ತಡೆದು ಹಿಡಿಯಬೇಕಾದವರು ನೀವು. ಎಡಗೈಯ ಅಂಗೈ ಕೆಳಮುಖವಾಗಿ, ಅಲುಗದೆ, ಸೊಂಟದ ಮಟ್ಟದಲ್ಲಿರಲಿ. ಬಲಗೈ ಬೆರಳತುದಿಯಷ್ಟೇ ಆಡಲಿ. ಆಮೇಲೆ ಬೆಳಕು ಒಡೆದಂತೆ ಸಿ ಮೇಜರ್‌ನಲ್ಲಿ ಕೊನೆಯ ಭಾಗ.

ಅಲ್ಲೇ ಒಂದು ಲೆಕ್ಕವೂ ಇದೆ. ಅಲ್ಲಿಯವರೆಗೆ ನಿಮಿಷಕ್ಕೆ 96 ಸಲ ಬೀಳುತ್ತಿದ್ದ ಕೈ ಈಗ ಬಾರ್‌ಗೆ ಎರಡರಂತೆ 84 ಸಲ ಬೀಳಬೇಕು, ಅಂದರೆ ಬಡಿತ ಒಂದಿಷ್ಟು ಹಿಗ್ಗುತ್ತದೆ. ಮೆಟ್ರೊನೋಮ್ 96ಕ್ಕೆ ಇಟ್ಟು ನಡೆಯಿರಿ, ನಿಲ್ಲಿಸಿ, ನೆನಪಿನಿಂದ 84ಕ್ಕೆ ನಡೆಯಿರಿ, ಮತ್ತೆ ಹಾಕಿ ಸರಿನೋಡಿ. ನಾನು ಇದನ್ನು ಬೆಳಗಿನ ವಾಕಿಂಗಿನಲ್ಲಿ ಎರಡು ವಾರ ಮಾಡಿದ್ದೇನೆ. ಕೊನೆಯ ಭಾಗದ ನಡುವೆ ಮೂರನೆಯ ಭಾಗದ ನೆನಪು ಒಮ್ಮೆ ಮರಳಿ ಬರುತ್ತದೆ. ಅಲ್ಲಿ ಪುನಃ 96, ಪುನಃ 84. ಕಾಲಪ್ರಮಾಣ ಒಳಗೆ ಗಟ್ಟಿಯಾಗಿ ಕೂತಿಲ್ಲದಿದ್ದರೆ ಅಲ್ಲಿ ನೀವು ತಂಡವನ್ನು ಹಿಂಬಾಲಿಸುತ್ತೀರಿ.

ಇಷ್ಟಾದ ಮೇಲೆ ರೆಕಾರ್ಡಿಂಗ್ ಕೇಳಿ, ಒಂದೇ ಕೇಳಬೇಡಿ. ಆರ್ಥರ್ ನಿಕಿಶ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1913ರಲ್ಲಿ ಮುದ್ರಿಸಿದ್ದು ಸಿಗುತ್ತದೆ. ಕಾರ್ಲೊಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1974ರಲ್ಲಿ ಮುದ್ರಿಸಿದ್ದೂ ಸಿಗುತ್ತದೆ. ಮೊದಲ ಐದು ಬಾರ್‌ಗಳನ್ನು ಎರಡರಲ್ಲೂ ಪಕ್ಕಪಕ್ಕ ಇಟ್ಟು ಕೇಳಿದರೆ, ಅದೇ ಶಾಯಿಯ ಗುರುತು ಎಷ್ಟು ಬಗೆಯಾಗಿ ನಾದವಾಗಬಲ್ಲದು ಎಂದು ತಿಳಿಯುತ್ತದೆ.

ಕೈ

ಹಿಂದೆ ಯುರೋಪಿನಲ್ಲೂ ಸದ್ದು ಮಾಡಿ ತಾಳ ಹಾಕುವವರಿದ್ದರು. ಫ್ರಾನ್ಸಿನ ರಾಜನ ಆಸ್ಥಾನದಲ್ಲಿ ಸಂಗೀತ ರಚನೆಕಾರ ಲುಲ್ಲಿ ಉದ್ದನೆಯ ದೊಣ್ಣೆಯಿಂದ ನೆಲ ಕುಟ್ಟುತ್ತ ಸಂಗೀತ ನಡೆಸುತ್ತಿದ್ದ. ಒಂದು ಸಲ ಅದು ಕಾಲಿಗೇ ಬಡಿದು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಕಾಲಕ್ರಮದಲ್ಲಿ ದೊಣ್ಣೆ ಹೋಗಿ ಸಣ್ಣ ಬ್ಯಾಟನ್ ಬಂತು. ಸದ್ದಿಲ್ಲದ ತಾಳವನ್ನು ಕಣ್ಣಿಗೆ ಕಾಣುವಂತೆ ಹಾಕಬೇಕಾಗಿ ಬಂದದ್ದರಿಂದಲೇ ಕೈ ಮುಂಚೆ ಹೇಳುವುದನ್ನು ಕಲಿಯಿತು.

ಕನ್ನಡಿಯ ಮುಂದೆ ನಿಲ್ಲಿ. ಪಾದ ಭುಜದಗಲ, ಮೊಣಕೈ ಮೈಗೆ ಅಂಟದಂತೆ, ಬ್ಯಾಟನ್ ತುದಿ ಎದೆಯ ಮಟ್ಟದಲ್ಲಿ. ಬ್ಯಾಟನ್‌ನ ಬುಡ ಅಂಗೈಗೆ ತಾಗಿರಲಿ, ಹಿಡಿತ ಮಾತ್ರ ಹೆಬ್ಬೆರಳು ಮತ್ತು ತೋರುಬೆರಳ ನಡುವೆ. ಬಿಗಿಯಾಗಿ ಹಿಡಿದರೆ ಆರ್ಕೆಸ್ಟ್ರಾದ ನಾದವೂ ಬಿಗಿಯುತ್ತದೆ. ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ. ಒಂದೇ ತಂಡದ ಮುಂದೆ ಮುಷ್ಟಿ ಬಿಗಿದು ಒಮ್ಮೆ, ಸಡಿಲ ಬಿಟ್ಟು ಒಮ್ಮೆ ಕೈ ಆಡಿಸಿ ನೋಡಿ, ಕಮಾನಿನ ಸದ್ದೇ ಬದಲಾಗುತ್ತದೆ.

ಐದನೆಯ ಸಿಂಫನಿಯ ಆರಂಭಕ್ಕೆ ಬೇಕಾದ ಸನ್ನೆ ಹೀಗೆ. ಕೈ ಪೂರ್ತಿ ಸ್ತಬ್ಧ. ಮೂಗಿನಿಂದ ಉಸಿರು ಒಳಗೆ, ಅದೇ ಹೊತ್ತಿಗೆ ಕೈ ಮೇಲಕ್ಕೆ. ಈ ಉಸಿರು ಸರಿಯಾಗಿ ಒಂದು ಬಾರಿನಷ್ಟು ಉದ್ದವಿರಬೇಕು, ವೇಗದ ಸುದ್ದಿ ಇರುವುದು ಅದರಲ್ಲೇ. ಕೈ ಕೆಳಗೆ: ಇದು ನುಂಗಿದ "ತ". ಇದಕ್ಕೆ ಯಾರೂ ನುಡಿಸುವುದಿಲ್ಲ, ಆದರೆ ಎಲ್ಲರೂ ಇದರಿಂದ ಹಾರುತ್ತಾರೆ. ಕದಿಮಿ. ಮತ್ತೆ ಕೈ ಕೆಳಗೆ: ತಾಂ. ಅಲ್ಲೇ ನಿಲ್ಲಲಿ, ಆದರೆ ಜೀವ ಬಿಡದಿರಲಿ. ಕೈ ಸತ್ತರೆ ಕಮಾನುಗಳೂ ನಿಧಾನವಾಗಿ ಸಾಯುತ್ತವೆ. ಬಿಡಿಸುವಾಗ ಬೇರೆ ಸನ್ನೆ, ಮತ್ತೆ ಶುರುಮಾಡಲು ಇನ್ನೊಂದು ಸನ್ನೆ ಮಾಡಬೇಡಿ. ಬಿಡಿಸುವ ಸನ್ನೆಯೇ ಮುಂದಿನ ಬಾರ್‌ಗೆ ಉಸಿರಾಗಲಿ. ಶುರುವಿಗೆ ಒಂದರ ಬದಲು ಎರಡು ತಾಳ ಮುಂಚಿತವಾಗಿ ಕೊಡುವವರೂ ಇದ್ದಾರೆ. ಹೊಸಬರ ತಂಡವಾದರೆ ತಪ್ಪೇನಿಲ್ಲ, ಆದರೆ ಒಂದೇ ಉಸಿರಿಗೆ ಇರುವ ಸಿಡಿತ ಅದಕ್ಕಿಲ್ಲ.

ಎಡಗೈಗೆ ಒಂದು ಅಭ್ಯಾಸ ನಮ್ಮ ಮನೆಯಲ್ಲೇ ಇದೆ. ಬಲಗೈಯಲ್ಲಿ ಆದಿತಾಳ ಹಾಕುತ್ತಿರಿ. ಎಡಗೈಯನ್ನು ಎಂಟು ಅಕ್ಷರದಲ್ಲಿ ಸೊಂಟದಿಂದ ಕಣ್ಣಿನ ಮಟ್ಟಕ್ಕೆ ಒಂದೇ ಸಮನೆ ಏರಿಸಿ, ಮುಂದಿನ ಆವರ್ತದಲ್ಲಿ ಇಳಿಸಿ. ಬಲಗೈಯ ಬಡಿತ ಎಡಗೈಯಲ್ಲಿ ಕುಲುಕಾಗಿ ಕಾಣಬಾರದು. ಹದಿನೈದು ದಿನದಲ್ಲಿ ಕೈಗಳು ಬೇರೆ ಬೇರೆಯಾಗುತ್ತವೆ.

ರಿಹರ್ಸಲ್ಲಿಗೆ ಮುಂಚಿನ ಕೆಲಸ

ಪಿಟೀಲಿನವರ ಮುಖ್ಯಸ್ಥರು ಕನ್ಸರ್ಟ್‌ಮಾಸ್ಟರ್. ಅವರ ಜೊತೆ ಒಂದು ಮಧ್ಯಾಹ್ನ ಕೂತು ಎಲ್ಲಿ ಕಮಾನು ಮೇಲೆ, ಎಲ್ಲಿ ಕೆಳಗೆ ಎಂದು ಗೊತ್ತುಮಾಡಿ, ಎಲ್ಲ ತಂತಿವಾದ್ಯಗಳ ಪಾರ್ಟಿಗೂ ಪೆನ್ಸಿಲ್ಲಿನಲ್ಲಿ ಬರೆಸಿ. ಕಾರ್ಯಕ್ರಮಕ್ಕೆ ಕನಿಷ್ಠ ಮೂರು ವಾರ ಮುಂಚೆ ಪಾರ್ಟ್ ವಾದಕರ ಕೈ ಸೇರಬೇಕು. ನೀವು ಪಿಟೀಲು ನುಡಿಸದವರಾದರೆ ಕನ್ಸರ್ಟ್‌ಮಾಸ್ಟರ್ ಮಾತು ಕೇಳಿ. ನಿಮಗೆ ಬೇಕಾದ ನಾದ ಹೇಗಿರಬೇಕು ಎಂದಷ್ಟೇ ಹೇಳಿ, ಅದನ್ನು ಹೊರಡಿಸುವ ದಾರಿ ಅವರಿಗೆ ಗೊತ್ತು.

ರಿಹರ್ಸಲ್

ವೃತ್ತಿಪರ ಆರ್ಕೆಸ್ಟ್ರಾಗಳಲ್ಲಿ ಒಂದು ಕಾರ್ಯಕ್ರಮಕ್ಕೆ ಮೂರು ನಾಲ್ಕು ರಿಹರ್ಸಲ್ ಸಿಕ್ಕರೆ ಅದೇ ಹೆಚ್ಚು. ನಮ್ಮ ಹವ್ಯಾಸಿ ತಂಡಗಳಲ್ಲಿ ಎಂಟು ಹತ್ತು ಭಾನುವಾರ ಸಿಗಬಹುದು, ಆದರೆ ಎಲ್ಲರೂ ಎಲ್ಲ ಭಾನುವಾರವೂ ಬರುವುದಿಲ್ಲ. ಆದ್ದರಿಂದ ನಿಮಿಷಗಳ ಲೆಕ್ಕ ಬರೆದುಕೊಂಡೇ ಹೋಗಿ.

ಟ್ರೊಂಬೋನಿನ ಮೂವರು, ಪಿಕೊಲೊ, ಕಾಂಟ್ರಾಬಸೂನ್: ಈ ಐವರಿಗೆ ಕೊನೆಯ ಭಾಗ ಬಿಟ್ಟರೆ ಕೆಲಸವಿಲ್ಲ. ರಿಹರ್ಸಲ್ಲಿನಲ್ಲಿ ಕೊನೆಯ ಭಾಗವನ್ನು ಮೊದಲು ತೆಗೆದುಕೊಂಡು ಅವರನ್ನು ಮನೆಗೆ ಕಳಿಸಿ. ಬನಶಂಕರಿಯಿಂದ ಎರಡು ಬಸ್ ಬದಲಿಸಿ ಬಂದ ಹುಡುಗನನ್ನು ಎರಡು ಗಂಟೆ ಸುಮ್ಮನೆ ಕೂರಿಸಿ ಹತ್ತು ನಿಮಿಷ ನುಡಿಸಿದರೆ ಮುಂದಿನ ವಾರ ಅವನು ಬರುವುದಿಲ್ಲ, ಬರದಿದ್ದರೆ ಅವನ ತಪ್ಪೂ ಅಲ್ಲ. ಕಡೆಯ ರಿಹರ್ಸಲ್ಲಿಗೆ ಮಾತ್ರ ಅವರೂ ಮೊದಲಿನಿಂದ ಕೂರಲಿ. ಮೂರು ಭಾಗ ಕಾದು ತಣ್ಣಗಾದ ವಾದ್ಯದಲ್ಲಿ ಮೊದಲ ಟ್ರೊಂಬೋನ್ ಎತ್ತರದ ಸ್ವರದಿಂದಲೇ ಶುರುಮಾಡಬೇಕು. ಆ ಕಾಯುವಿಕೆಯನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

ಮೊದಲ ದಿನ ಒಂದು ಭಾಗವನ್ನಾದರೂ ನಿಲ್ಲಿಸದೆ ನಡೆಸಿ. ತಪ್ಪುಗಳು ಬರಲಿ. ಅರ್ಧ ತಪ್ಪು ಎರಡನೆಯ ಸಲ ತಾವಾಗಿ ಹೋಗುತ್ತವೆ. ಉಳಿದವು ನಿಮ್ಮ ಕೆಲಸ.

ನಿಲ್ಲಿಸಿದಾಗ ಮಾತಿನ ಕ್ರಮ ಮುಖ್ಯ. ಮೊದಲು ಯಾರು, ಆಮೇಲೆ ಎಲ್ಲಿ, ಆಮೇಲೆ ಏನು. "ಚೆಲ್ಲೊ, ಬಾಸ್. ಬಿ ಅಕ್ಷರದಿಂದ ಎಂಟನೇ ಬಾರ್. ಇನ್ನೂ ಚಿಕ್ಕದಾಗಿ ಬಿಡಿ." ಹೇಳಿ ಮೂರು ಸೆಕೆಂಡ್ ಸುಮ್ಮನಿರಿ, ಅವರು ಎಣಿಸಿಕೊಳ್ಳಬೇಕು. ಚಿಕ್ಕದು, ಉದ್ದ, ಮೆಲ್ಲಗೆ, ಕಮಾನಿನ ತುದಿಯಲ್ಲಿ: ಇಂಥ ಮಾತುಗಳೇ ಸಾಕು. ಈ ಸಿಂಫನಿಯ ಆರಂಭಕ್ಕೆ ಎಲ್ಲರೂ ಹೇಳುವ, ವಿಧಿ ಬಾಗಿಲು ತಟ್ಟುತ್ತಿದೆ ಎಂಬ ಬಗೆಯ ವರ್ಣನೆಗಳನ್ನು ಅರ್ಧ ಗಂಟೆ ಹೇಳಿದರೂ ಆ ಮೂರು ಸ್ವರ ಒಟ್ಟಿಗೆ ಬರುವುದಿಲ್ಲ. ನಮ್ಮಲ್ಲಿ ತಂಡದಲ್ಲಿ ಎಲ್ಲ ವಯಸ್ಸಿನವರೂ ಇರುತ್ತಾರೆ. ನಿವೃತ್ತ ಬ್ಯಾಂಡ್ ವಾದಕರ ಪಕ್ಕದಲ್ಲಿ ಪಿಯುಸಿ ಹುಡುಗಿ ಕೂತಿರುತ್ತಾಳೆ. ಹಿರಿಯರ ಸ್ವರ ತಪ್ಪಿದರೆ ಎಲ್ಲರೆದುರು ಹೆಸರು ಹಿಡಿದು ಹೇಳಬೇಡಿ. "ಟ್ರಂಪೆಟ್ ಇನ್ನೊಂದು ಸಲ ನೋಡೋಣ ಸರ್" ಎಂದರೆ ಅವರಿಗೆ ತಿಳಿಯುತ್ತದೆ. ತಪ್ಪು ಅವರಿಗೇ ಗೊತ್ತಾಗಿ ತಲೆ ಎತ್ತಿ ನಿಮ್ಮನ್ನು ನೋಡಿದರೆ ನಿಲ್ಲಿಸುವ ಅಗತ್ಯವೇ ಇಲ್ಲ.

ಎರಡು ಕಡೆ ಮಾತ್ರ ಬೇರೆ ರೀತಿ ನಡೆದುಕೊಳ್ಳಿ. ಮೊದಲ ಭಾಗದ 268ನೆಯ ಬಾರಿನಲ್ಲಿ ಎಲ್ಲ ಗಲಾಟೆಯ ನಡುವೆ ಓಬೋ ಒಂದೇ ಉಳಿದು, ನಿಧಾನವಾಗಿ, ಒಂಟಿಯಾಗಿ ಹಾಡಿಕೊಳ್ಳುತ್ತದೆ. ಅಲ್ಲಿ ಕೈ ಇಳಿಸಿಬಿಡಿ. ತಾಳ ಹಾಕಬೇಡಿ, ಓಬೋ ನುಡಿಸುವವರ ಮುಖವನ್ನಷ್ಟೇ ನೋಡಿ. ಅವರ ಉಸಿರು ಮುಗಿಯುವಾಗ ನಿಮ್ಮ ಉಸಿರು ಶುರುವಾಗಲಿ. ಇನ್ನೊಂದು, 303ನೆಯ ಬಾರ್. ಮೊದಲು 59ರಲ್ಲಿ ಹಾರ್ನ್ ಕೂಗಿದ ಕರೆಯನ್ನೇ ಇಲ್ಲಿ ಬಸೂನಿಗೆ ಕೊಟ್ಟಿದೆ. ಬೀಥೋವನ್ ಕಾಲದ ಕವಾಟವಿಲ್ಲದ ಹಾರ್ನ್ ಇ ಫ್ಲಾಟಿನಲ್ಲಿ ಇದ್ದುದರಿಂದ ಆ ಸ್ವರಗಳನ್ನು ಹಾಗೆ ಕೂಗಲಾರದು. ಈಗಿನ ಹಾರ್ನಿಗೆ ಅದು ಸಲೀಸು, ಹಾಗಾಗಿ ಹಾರ್ನಿಗೇ ಕೊಡುವ ಕಂಡಕ್ಟರುಗಳಿದ್ದಾರೆ. ನಾನು ಬಸೂನನ್ನೇ ಉಳಿಸುತ್ತೇನೆ, ಉಳಿದವರ ದನಿ ತಗ್ಗಿಸಿ ಅದಕ್ಕೆ ಜಾಗ ಮಾಡುತ್ತೇನೆ. ಯಾವುದೇ ಆಗಲಿ, ಮೊದಲ ರಿಹರ್ಸಲ್ಲಿನಲ್ಲೇ ಹೇಳಿಬಿಡಿ.

ತಂಡ ನಡುವೆ ದಾರಿ ತಪ್ಪಿದರೆ ಎಲ್ಲಿಂದ ಕೂಡಿಕೊಳ್ಳಬೇಕು ಎಂದೂ ಗೊತ್ತುಮಾಡಿಕೊಳ್ಳಿ. ಇದನ್ನು ಅಪಶಕುನ ಎಂದುಕೊಳ್ಳಬೇಡಿ. ಈ ಸಿಂಫನಿ ಮೊದಲ ಬಾರಿ ಕೇಳಿಸಿದ್ದು 1808ರ ಡಿಸೆಂಬರ್ 22ರಂದು, ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ. ಚಳಿಯ ರಾತ್ರಿ, ನಾಲ್ಕು ಗಂಟೆಯ ಕಾರ್ಯಕ್ರಮ, ರಿಹರ್ಸಲ್ ಸಾಲದು. ಅದೇ ರಾತ್ರಿಯ ಕೊನೆಯ ಕೃತಿ ನಡುವೆ ಹರಿದುಹೋಗಿ, ಬೀಥೋವನ್ ತಾನೇ ನಿಲ್ಲಿಸಿ ಮತ್ತೆ ಶುರುಮಾಡಿಸಬೇಕಾಯಿತು. ದೊಡ್ಡ 'ಎ', 'ಬಿ', 'ಸಿ' ಅಕ್ಷರಗಳ ಪೈಕಿ ಭಾಗಕ್ಕೆ ಎರಡನ್ನು ಆರಿಸಿ, ಅಲ್ಲಿ ನಿಮ್ಮ ಎಡಗೈ ಏನು ಮಾಡುತ್ತದೆ ಎಂದು ಎಲ್ಲರಿಗೂ ತಿಳಿಸಿ.

ಆ ದಿನ

ಮಧ್ಯಾಹ್ನ ಹಗುರವಾಗಿ ಊಟ ಮಾಡಿ, ಅರ್ಧ ಗಂಟೆ ಮಲಗಿ. ಸ್ಕೋರನ್ನು ಒಮ್ಮೆ ಕಣ್ಣಲ್ಲಿ ಓದಿ ಮುಚ್ಚಿಡಿ. ಆ ದಿನ ಹೊಸದೇನನ್ನೂ ನಿರ್ಧರಿಸಬೇಡಿ. ಸಭಾಂಗಣಕ್ಕೆ ಎರಡು ಗಂಟೆ ಮುಂಚೆ ಹೋಗಿ ಟಿಂಪನಿಯವರ ಜಾಗದಲ್ಲಿ, ಬಾಸ್‌ನವರ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಅಲ್ಲಿಂದ ನಿಮ್ಮ ಕೈ ಕಾಣುತ್ತದೆಯೇ? ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ? ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆಯೇ? ಬಟ್ಟೆ ಕ್ಲಿಪ್ಪುಗಳನ್ನು ಹತ್ತಾದರೂ ಜೇಬಿನಲ್ಲಿಟ್ಟುಕೊಂಡಿರಿ. ಖಾಲಿ ಸಭಾಂಗಣ ಮೊಳಗುವಷ್ಟು ತುಂಬಿದ ಸಭಾಂಗಣ ಮೊಳಗುವುದಿಲ್ಲ. ಸಂಜೆ ಮೌನಗಳು ಇನ್ನೂ ಬರಿದಾಗಿ ಕೇಳಿಸುತ್ತವೆ, ಗಾಬರಿಯಾಗಿ ಮುಂದಕ್ಕೆ ಓಡಬೇಡಿ.

ಓಬೋ ಎ ಸ್ವರ ಕೊಡುತ್ತದೆ, ಎಲ್ಲರೂ ಶ್ರುತಿ ಸೇರಿಸಿಕೊಳ್ಳುತ್ತಾರೆ. ನೀವು ಬರುತ್ತೀರಿ, ಕನ್ಸರ್ಟ್‌ಮಾಸ್ಟರ್ ಕೈ ಕುಲುಕುತ್ತೀರಿ, ಸಭೆಗೆ ನಮಸ್ಕಾರ ಮಾಡಿ ತಿರುಗುತ್ತೀರಿ. ತಿರುಗಿದ ಕೂಡಲೇ ಶುರುಮಾಡಬೇಡಿ. ಎರಡನೆಯ ಪಿಟೀಲು, ವಯೋಲಾ, ಕ್ಲಾರಿನೆಟ್, ಕೊನೆಗೆ ಹಿಂದಿನ ಬಾಸ್: ಒಬ್ಬೊಬ್ಬರ ಕಣ್ಣು ಸೇರಿಸಿ. ಕುರ್ಚಿ ಕಿರುಗುಟ್ಟುವುದು ನಿಲ್ಲಲಿ. ನಿಮ್ಮ ಕಿವಿಯೊಳಗೆ ಕದಿಮಿ ತಾಂ ಒಂದು ಸಲ ಮೊಳಗಲಿ, ಸರಿಯಾದ ವೇಗದಲ್ಲಿ. ಆಮೇಲೆ ಉಸಿರು.

ಮೊದಲ ಭಾಗ ಮುಗಿದ ಕೂಡಲೇ ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳಬಹುದು. ಬೀಳಲಿ. ಅರ್ಧ ತಿರುಗಿ ತಲೆ ಬಾಗಿಸಿ, ಮುಂದುವರಿಸಿ. ಮೂರನೆಯ ಭಾಗದ ಕೊನೆಯ ಆ ಐವತ್ತು ಬಾರ್‌ಗಳಲ್ಲಿ ಕಣ್ಣೆತ್ತಿ ಟ್ರೊಂಬೋನಿನ ಮೂವರನ್ನೂ ಒಮ್ಮೆ ನೋಡಿ. ಅವರು ವಾದ್ಯ ತುಟಿಗೆ ತಂದದ್ದು ಕಂಡ ಮೇಲೆಯೇ ಎಡಗೈ ಏರಲಿ.

ಮುಗಿದ ಮೇಲೆ ಚಪ್ಪಾಳೆಗೆ ಮೊದಲು ಓಬೋದವರನ್ನು ಎಬ್ಬಿಸಿ ನಿಲ್ಲಿಸಿ, ಆಮೇಲೆ ಹಾರ್ನ್, ಬಸೂನ್, ಟಿಂಪನಿ, ಆಮೇಲೆ ಚೆಲ್ಲೊ ಮತ್ತು ಬಾಸ್, ಕಾದು ಕೂತಿದ್ದ ಆ ಐವರು, ಕಡೆಗೆ ಎಲ್ಲರೂ.

ಅದೇ ರಾತ್ರಿ, ಎಷ್ಟೇ ದಣಿದಿದ್ದರೂ, ಸ್ಕೋರ್ ತೆರೆದು ಎಲ್ಲೆಲ್ಲಿ ನಿಮ್ಮ ಕೈ ತಡವಾಯಿತು ಎಂದು ತಾರೀಖು ಹಾಕಿ ಬರೆದಿಡಿ. ಎರಡು ದಿನ ಬಿಟ್ಟರೆ ಚಪ್ಪಾಳೆಯಷ್ಟೇ ನೆನಪಿರುತ್ತದೆ. ಬಾಡಿಗೆಗೆ ತಂದ ಪಾರ್ಟುಗಳಾದರೆ ಕಮಾನಿನ ಗುರುತುಗಳನ್ನು ನಿಮ್ಮ ಪ್ರತಿಗೆ ಮೊದಲು ನಕಲು ಮಾಡಿಕೊಳ್ಳಿ, ಆಮೇಲೆ ರಬ್ಬರ್ ಹಿಡಿದು ಅಳಿಸಲು ಕೂರಿ. ಮುಂದಿನ ಭಾನುವಾರ ನಾಲ್ಕು ಜನ ಸೇರಿದರೆ ಎರಡು ಗಂಟೆಯ ಕೆಲಸ.